ದೇಹೂ ರೋಡಿನ ಹನ್ನೊಂದು ಫ್ಲಾಸ್ಕುಗಳು

ಪುಣೆಯ ಗುರುವಾರದ ದುರಸ್ತಿಗೆಂದು ಕರೆಂಟು ಹೋಗಿ ಫ್ರೀಜರಿನ ಮಾದರಿಗಳೆಲ್ಲ ಕರಗಬಹುದಿತ್ತು. ಜನರೇಟರಿಗೆ ಡೀಸೆಲ್ ಹಾಕುವುದನ್ನು ಯಾರೋ ಮರೆತಿರಬಹುದಿತ್ತು. ಮೂಗಿನೊಳಗೆ ತಿರುಗಿಸಬೇಕಾದ ಹತ್ತಿಯ ಕಡ್ಡಿ ಮೂಗಿನ ಹೊಸ್ತಿಲಲ್ಲೇ ಕೈಮುಗಿದು ವಾಪಸು ಬಂದಿರಬಹುದಿತ್ತು. ಸೀಸೆಯ ಮೇಲಿನ ಸಂಖ್ಯೆ ಸ್ಪಿರಿಟ್ ತಾಗಿ ಅಳಿಸಿ, ದೇಹೂ ರೋಡಿನ ಕೆಮ್ಮು ಮಾರ್ಕೆಟ್ ಯಾರ್ಡಿನ ಕೆಮ್ಮಾಗಿ ದಾಖಲಾಗಬಹುದಿತ್ತು. ವೈರಸ್ ಬೆಳೆಸಲೆಂದು ನಾವು ಸಾಕಿದ ಕೋಶಗಳಿಗೆ ಬೂಷ್ಟು ಹಿಡಿಯಬಹುದಿತ್ತು. ಇಂಕ್ಯುಬೇಟರಿನ ಬಾಗಿಲು ಒಂದು ಬೆರಳಷ್ಟು ತೆರೆದೇ ಉಳಿದಿರಬಹುದಿತ್ತು. ಒಂದು ಫ್ಲಾಸ್ಕಿನ ಹನಿ ಪಕ್ಕದ ಫ್ಲಾಸ್ಕಿಗೆ ಸಿಡಿದು ಎರಡು ವೈರಸ್‌ಗಳು ಒಂದಾಗಬಹುದಿತ್ತು. ಇದ್ಯಾವುದೂ ಆಗದಿದ್ದರೆ, ನನಗೇ ಫ್ಲೂ ಬಂದು ಎಲ್ಲದರ ಮೇಲೂ ಸೀನಿ ಇಡೀ ಮಳೆಗಾಲದ ಕೆಲಸವನ್ನು ನಾನೇ ಹಾಳು ಮಾಡಬಹುದಿತ್ತು.

ಇಂಥವನ್ನೆಲ್ಲ ಬರೆದಿಡಲು ನನ್ನ ಬಳಿ ಒಂದು ನೋಟ್‌ಬುಕ್ಕಿದೆ. ಗಂಡ ಅದನ್ನು ಭಯದ ಪಂಚಾಂಗ ಎನ್ನುತ್ತಾರೆ. ಕೋಥರೂಡದ ಮನೆಯಿಂದ ಹೊರಡುವಾಗ ಗ್ಯಾಸಿನ ಗುಂಡಿಯನ್ನು ಮೂರು ಸಲ ನಾನು ನೋಡಿ, ನಾಲ್ಕನೆಯ ಸಲ ಅವರಿಂದ ನೋಡಿಸುತ್ತೇನೆ. ಐವತ್ತು ದಾಟಿದ ಮೇಲೆ ಈ ಚಟ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದರು. ಹೇಳಿದವರಿಗೆ ಐವತ್ತಾಗಿರಲಿಲ್ಲ.

ಆ ಪಂಚಾಂಗದಲ್ಲಿ ಕೋಳಿ ಇರಲಿಲ್ಲ.

ನಾನು ಪುಣೆಯ ಒಂದು ಪ್ರಯೋಗಾಲಯದ ಫ್ಲೂ ವಿಭಾಗದಲ್ಲಿದ್ದೇನೆ. ಊರಿನ ಕೆಲವು ದವಾಖಾನೆಗಳಿಂದ ಕೆಮ್ಮು ಜ್ವರದವರ ಮೂಗಿನ ಮಾದರಿಗಳು ನಮಗೆ ಬರುತ್ತವೆ. ಮೊದಲು ಪಿಸಿಆರ್ ಮಾಡಿ ಅದು ಯಾವ ಜಾತಿಯ ಫ್ಲೂ ಎಂದು ತಿಳಿಯುತ್ತೇವೆ. ಈಗ ಮನುಷ್ಯರಲ್ಲಿ ಮುಖ್ಯವಾಗಿ ಓಡಾಡುವವು ಎಚ್1 ಮತ್ತು ಎಚ್3 ಎಂಬ ಎರಡು ಬಗೆ. ಆಮೇಲೆ ಮಾದರಿಯನ್ನು ಫ್ಲಾಸ್ಕಿನ ಕೋಶಗಳ ಮೇಲೆ ಸುರಿದು ಜೀವಂತ ವೈರಸ್ ಬೆಳೆಸುತ್ತೇವೆ. ಬೆಳೆದದ್ದನ್ನು ದೊಡ್ಡ ಕೇಂದ್ರಕ್ಕೆ ಕಳಿಸುತ್ತೇವೆ. ಅಲ್ಲಿ ಅದನ್ನು ಈಗಿನ ಲಸಿಕೆಯೊಡನೆ, ಬೇರೆ ದೇಶಗಳ ವೈರಸ್‌ಗಳೊಡನೆ ಹೋಲಿಸುತ್ತಾರೆ. ಫ್ಲೂ ವೈರಸ್ ವರ್ಷವರ್ಷವೂ ವೇಷ ಬದಲಿಸುತ್ತದೆ. ಒಂದು ಪ್ರದೇಶದಲ್ಲಿ ಗೆದ್ದ ವೇಷ ಮುಂದಿನ ವರ್ಷ ಇನ್ನೊಂದು ಪ್ರದೇಶದಲ್ಲಿ ಕಾಣಿಸುತ್ತದೆ. ಮುಂದಿನ ಲಸಿಕೆಯಲ್ಲಿ ಯಾವ ವೇಷ ಇರಬೇಕು ಎಂದು ತೀರ್ಮಾನಿಸುವ ಮೇಜಿಗೆ ನಮ್ಮ ಊರಿನ ವೈರಸ್ ಹೋಗಬೇಕಾದರೆ ಅದು ನಮ್ಮ ಫ್ಲಾಸ್ಕಿನಲ್ಲಿ ಬೆಳೆಯಲೇಬೇಕು. ಬೆಳೆಯದಿದ್ದರೆ, ಇಲ್ಲಿ ಎಷ್ಟೇ ಜನ ಕೆಮ್ಮಿದರೂ ಆ ಮೇಜಿನಲ್ಲಿ ನಾವು ಗೈರು ಹಾಜರಿ.

ಆ ಮಳೆಗಾಲ ಊರಿನ ಪಶ್ಚಿಮ ಅಂಚಿನ ದೇಹೂ ರೋಡಿನ ಹೆಚ್ಚಿನ ಮಾದರಿಗಳು ಬೆಳೆಯಲಿಲ್ಲ.

ಅಲ್ಲಿನ ಮಾದರಿ ತರುವಾಕೆ ಇಂಡಿ ಕಡೆಯವಳು. ನಾನು ವಿಜಾಪುರದವಳಾದ್ದರಿಂದ ನನ್ನೊಡನೆ ಕನ್ನಡ, ಉಳಿದವರೊಡನೆ ಮರಾಠಿ. ವಾರಕ್ಕೆ ಎರಡು ಸಲ ಐಸ್ ತುಂಬಿದ ನೀಲಿ ಡಬ್ಬಿ ಹಿಡಿದು ಲೋಕಲ್ ರೈಲಿನಲ್ಲಿ ಬರುತ್ತಾಳೆ. ನಮ್ಮವರು ಅವಳನ್ನು ಡಬ್ಬೇವಾಲಿ ಎಂದು ಕರೆಯುತ್ತಾರೆ, ಅವಳೂ ನಗುತ್ತಾಳೆ. ಆರು ತಿಂಗಳಿಗೊಮ್ಮೆ ನವೀಕರಿಸುವ ಗುತ್ತಿಗೆ ಅವಳದು. ದಂಡಿನ ಪ್ರದೇಶವಾದ್ದರಿಂದ ಅಲ್ಲಿಗೆ ದೇಶದ ಎಲ್ಲ ಕಡೆಯಿಂದ ಕುಟುಂಬಗಳು ವರ್ಗವಾಗಿ ಬರುತ್ತವೆ, ರಜೆ ಮುಗಿಸಿ ಮರಳುತ್ತವೆ, ಜೊತೆಗೆ ಅಲ್ಲಲ್ಲಿಯ ಫ್ಲೂ ತರುತ್ತವೆ. ಆ ವರ್ಷ ಅಲ್ಲಿ ಹೆಚ್ಚಾಗಿ ಎಚ್3 ಇತ್ತು. ಮಾರ್ಕೆಟ್ ಯಾರ್ಡಿನ ಹಮಾಲರ ದವಾಖಾನೆಯಿಂದ ಬರುತ್ತಿದ್ದುದು ಬಹುತೇಕ ಎಚ್1.

ಎಚ್1 ಎಲ್ಲ ಸೊಂಪಾಗಿ ಬೆಳೆಯಿತು. ದೇಹೂ ರೋಡಿನ ಎಚ್3ರ ಹನ್ನೊಂದು ಫ್ಲಾಸ್ಕುಗಳನ್ನೂ ಮೂರು ಸುತ್ತು ಬೆಳೆಸಿದರೂ ಶೂನ್ಯ. ನಮ್ಮ ಪಟ್ಟಿಯಲ್ಲಿ ಎಚ್1 ಅವಿರೋಧವಾಗಿ ಆಯ್ಕೆಯಾದ ಕಾರ್ಪೊರೇಟರನಂತೆ ಒಂಟಿಯಾಗಿ ನಿಂತಿತ್ತು.

ಶೂನ್ಯ ಎಂದು ನಮಗೆ ಹೇಳುತ್ತಿದ್ದದ್ದು ಕೋಳಿಯ ರಕ್ತ. ವಿಧಾನ ಹಳೆಯದು, ಸರಳ. ಸಣ್ಣ ಗುಳಿಗಳ ತಟ್ಟೆಯಲ್ಲಿ ಫ್ಲಾಸ್ಕಿನ ದ್ರವವನ್ನು ಹಾಕಿ, ತೊಳೆದ ಕೋಳಿಯ ಕೆಂಪು ರಕ್ತಕಣಗಳನ್ನು ಬೆರೆಸಿ, ಅರ್ಧ ಗಂಟೆ ಬಿಡಬೇಕು. ವೈರಸ್ ಇದ್ದರೆ ಅದು ಕಣಗಳನ್ನು ಒಂದಕ್ಕೊಂದು ಹಿಡಿದು ಗುಳಿಯ ತುಂಬ ತೆಳ್ಳಗಿನ ಕೆಂಪು ಪರದೆ ಕಟ್ಟುತ್ತದೆ. ಇಲ್ಲದಿದ್ದರೆ ಕಣಗಳು ತಳಕ್ಕೆ ಜಾರಿ ಗುಂಡಿಯಂತೆ ಕೂಡುತ್ತವೆ. ತಟ್ಟೆ ಓರೆ ಮಾಡಿದರೆ ಕಣ್ಣೀರಿನಂತೆ ಹರಿಯುತ್ತವೆ. ದೇಹೂ ರೋಡಿನ ಹನ್ನೊಂದೂ ಗುಳಿಗಳು ಕಣ್ಣೀರಿಟ್ಟವು.

ಕಾರಣ ಹುಡುಕಲು ಯಾರಿಗೂ ಐದು ನಿಮಿಷ ಬೇಕಾಗಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರಿಗೆ ಪಾಲಖಿಯ ದಿನ ನೆನಪಾಯಿತು. ಆ ದಿನ ಪಾಲಖಿಯೊಡನೆ ಪಂಢರಪುರಕ್ಕೆ ನಡೆದು ಹೋಗುವ ವಾರಕರಿಗಳ ಗುಂಪು ಊರೊಳಗೆ ಬಂದಿತ್ತು, ರಸ್ತೆಗಳು ಬಂದ್, ಬಸ್ಸಿಲ್ಲ, ರಿಕ್ಷಾ ಇಲ್ಲ. ಮಾದರಿ ತರುವಾಕೆ ಶಿವಾಜಿನಗರ ಸ್ಟೇಷನ್ನಿನಲ್ಲಿ ಇಳಿದು ಡಬ್ಬಿಯನ್ನು ಸೊಂಟದ ಮೇಲೆ ಹೊತ್ತು ನಡೆದೇ ಬಂದಿದ್ದಳು, ಮೂರು ತಾಸು ತಡವಾಗಿ. ಹನ್ನೊಂದರಲ್ಲಿ ಆರು ಆ ದಿನದವು. ಉಳಿದ ಐದು ಬೇರೆ ದಿನಗಳವು ಎಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಡಬ್ಬಿ ತೆರೆದಾಗ ಒಳಗೆ ನಾಲ್ಕು ಡಿಗ್ರಿ ಇತ್ತೆಂದು ನಾನೇ ನನ್ನ ಕೈಯಾರೆ ರಿಜಿಸ್ಟರಿನಲ್ಲಿ ಬರೆದಿದ್ದೆ. ತೋರಿಸಿದರೆ, ಥರ್ಮಾಮೀಟರ್ ಕೂಡ ಹಳೆಯದಲ್ಲವೇ ಎಂದರು.

ತ್ರೈಮಾಸಿಕ ವರದಿಯ ಕರಡಿನಲ್ಲಿ ಒಂದು ಸಾಲು ಬಂತು: ಪಶ್ಚಿಮ ವಲಯದ ಮಾದರಿಗಳ ಗುಣಮಟ್ಟ ಅತೃಪ್ತಿಕರ, ಸಾಗಣೆಯಲ್ಲಿ ನಿರ್ಲಕ್ಷ್ಯ, ಸಂಗ್ರಹಣೆಯ ವ್ಯವಸ್ಥೆ ಬದಲಿಸಲು ಶಿಫಾರಸು. ವಲಯ ಎಂದರೆ ಒಬ್ಬ ಹೆಂಗಸು. ವ್ಯವಸ್ಥೆ ಎಂದರೂ ಅದೇ ಹೆಂಗಸು. ಆ ಸಾಲು ಸೋಮವಾರ ಹೊರಗೆ ಹೋದರೆ ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಗಿಯುತ್ತದೆ, ಜೊತೆಗೆ ನಿರ್ಲಕ್ಷ್ಯ ಎಂಬ ಶಬ್ದ ಅವಳ ಹೆಸರಿಗೆ ಅಂಟಿಕೊಂಡು ಆ ಭಾಗದ ಯಾವ ದವಾಖಾನೆಯೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ.

ನನಗೆ ಸಿಟ್ಟು ಬಂದಿತ್ತು, ನಿಜ. ಆದರೆ ನನ್ನ ಸಿಟ್ಟು ನನ್ನ ಭಯಕ್ಕಿಂತ ಯಾವಾಗಲೂ ಎರಡು ಹೆಜ್ಜೆ ಹಿಂದೆ ನಡೆಯುತ್ತದೆ. ನಿಜಕ್ಕೂ ಐಸ್ ಕರಗಿದ್ದರೆ? ಹದಿನಾಲ್ಕನ್ನು ನಾನೇ ನಾಲ್ಕೆಂದು ಓದಿದ್ದರೆ? ಹೀಗೆ ಅವಳ ತಪ್ಪನ್ನು ನನ್ನ ತಪ್ಪಾಗಿ ಪರಿವರ್ತಿಸುವಷ್ಟು ದೂರ ಹೋದೆನೇ ಹೊರತು, ತಪ್ಪೇ ಆಗಿಲ್ಲವೇನೋ ಎಂದು ಯೋಚಿಸಲಿಲ್ಲ.

ಯೋಚಿಸಿದವಳು ಅವಳು. ಗುರುವಾರ ಡಬ್ಬಿ ತಂದಾಗ ವಿಷಯ ಅವಳ ಕಿವಿಗೆ ಬಿದ್ದಾಗಿತ್ತು. ಅಳುತ್ತಾಳೇನೋ ಎಂದು ನಾನು ಮೊದಲೇ ಚಹಾ ತರಿಸಿದ್ದೆ. ಅವಳು ಚಹಾ ಮುಟ್ಟಲಿಲ್ಲ, ಅಳಲೂ ಇಲ್ಲ.

“ಅಕ್ಕಾರ, ಒಂದು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ಪಾಲಖಿ ದಿನ ನಾ ತಂದದ್ದು ಎಂಟು. ಆರು ಸತ್ತಾವ ಅಂದ್ರಿ. ಎರಡು ಭಾಳ ಚೊಲೊ ಬೆಳೆದಾವಂತ, ಹೌದಲ್ರಿ?”

ಹೌದು ಎಂದೆ.

“ಎಂಟೂ ಒಂದ ಡಬ್ಬಿ, ಒಂದ ಐಸು. ಆ ಎರಡು ಏನು ಛತ್ರಿ ಹಿಡ್ಕೊಂಡು ಬಂದಿದ್ವೇನ್ರಿ?”

ಇಷ್ಟು ವರ್ಷ ವೈರಸ್‌ಗಳ ನಡುವೆ ಕೂತು ಕೂದಲು ನರೆತ ನನಗೆ ಹೊಳೆಯದ ಪ್ರಶ್ನೆ. ಅವಳು ಹೋದ ಮೇಲೆ ರಿಜಿಸ್ಟರ್ ತೆಗೆದು ನೋಡಿದೆ. ಬದುಕಿದ ಎರಡೂ ಎಚ್1. ಬಿಸಿಗೆ ಎಚ್3 ಮಾತ್ರ ಸಾಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಮೈಕ್ರೋಸ್ಕೋಪಿನಲ್ಲಿ ಆ ಹನ್ನೊಂದು ಫ್ಲಾಸ್ಕುಗಳ ಕೋಶಗಳನ್ನು ನೋಡಿದೆ. ಕೆಲವುಗಳಲ್ಲಿ ಕೋಶಗಳು ತುಸು ದುಂಡಗಾಗಿ, ತಳ ಬಿಟ್ಟು ತೇಲುವಂತೆ ಕಂಡವು. ವೈರಸ್ ಕಾಟವಿರಬಹುದು, ಕೋಶಗಳ ಮುಪ್ಪೂ ಇರಬಹುದು. ಮುಪ್ಪಿನ ಬಗ್ಗೆ ತೀರ್ಪು ಕೊಡುವ ಧೈರ್ಯ ನನಗಿಲ್ಲ.

ಶುಕ್ರವಾರ ನಮ್ಮಲ್ಲಿ ವಿಲೇವಾರಿಯ ದಿನ. ಬೆಳೆಯದ ಫ್ಲಾಸ್ಕುಗಳನ್ನೆಲ್ಲ ಆಟೋಕ್ಲೇವಿನ ಉಗಿಯಲ್ಲಿ ಬೇಯಿಸಿ ಎಸೆಯಬೇಕು. ಅದಕ್ಕೊಂದು ರಿಜಿಸ್ಟರ್, ಎರಡು ಸಹಿ: ಬೆಳೆಸಿದವರದು, ಪರಿಶೀಲಿಸಿದವರದು. ಪರಿಶೀಲಿಸುವವಳು ನಾನು. ಬೆಳಿಗ್ಗೆ ಆಟೋಕ್ಲೇವ್ ನೋಡಿಕೊಳ್ಳುವ ಆಯಾ, ನಮ್ಮೆಲ್ಲರ ಮಾವಶಿ, ತಳ್ಳುಗಾಡಿ ತಂದು ಬಾಗಿಲಲ್ಲಿ ನಿಂತರು. ಹನ್ನೊಂದು ಫ್ಲಾಸ್ಕು ಗಾಡಿಯೇರಿದ್ದವು. ಮೊದಲ ಸಹಿ ಆಗಿತ್ತು. ನಾನು ಪೆನ್ನು ಹಿಡಿದು, ಇಳಿಸಿ, ಮತ್ತೆ ಹಿಡಿದೆ. ಮಾವಶಿಗೆ ಹೊತ್ತಾಗುತ್ತಿತ್ತು. ಮ್ಯಾಡಮ್, ನಿಮ್ಮದು ಲಗ್ನಪತ್ರಿಕೆಗೆ ಸಹಿ ಹಾಕಿದ ಹಾಗಾಯಿತು ಎಂದು ಮರಾಠಿಯಲ್ಲಿ ಚುಚ್ಚಿದರು. ನಾನು ಆ ಖಾನೆಯಲ್ಲಿ ‘ತಡೆಹಿಡಿದಿದೆ’ ಎಂದು ಬರೆದು, ಫ್ಲಾಸ್ಕುಗಳನ್ನು ಗಾಡಿಯಿಂದ ಇಳಿಸಿ ಮತ್ತೆ ಒಳಗಿಟ್ಟೆ. ನನ್ನ ಬಂಡಾಯದ ಎತ್ತರ ಅಷ್ಟೇ.

ಮುಖ್ಯಸ್ಥರಿಗೆ ಹೇಳಿದೆ. “ಬಘೂ” ಎಂದರು. ನೋಡೋಣ ಎಂಬ ಈ ಮರಾಠಿ ಶಬ್ದದಿಂದ ನಮ್ಮ ವಿಭಾಗದಲ್ಲಿ ಎಷ್ಟೋ ಕೆಲಸಗಳು ನೋಡದೆಯೇ ಮುಗಿದಿವೆ. ವರದಿ ಮಾತ್ರ ಸೋಮವಾರವೇ ಹೋಗುತ್ತದೆ ಎಂದೂ ಸೇರಿಸಿದರು.

ಶನಿವಾರ ಬೆಳಿಗ್ಗೆ ಬಂದು ಹನ್ನೊಂದು ಫ್ಲಾಸ್ಕುಗಳ ದ್ರವವನ್ನೇ ಪಿಸಿಆರ್‌ಗೆ ಇಟ್ಟೆ. ಕೋಳಿಯನ್ನು ಕೇಳುವುದರ ಬದಲು ವೈರಸ್ಸನ್ನೇ ನೇರವಾಗಿ ಕೇಳಿದಂತೆ. ಯಂತ್ರದ ಪರದೆಯ ಮೇಲೆ ಗೆರೆ ಎಷ್ಟು ಬೇಗ ಮೇಲೇಳುತ್ತದೋ ಅಷ್ಟು ಹೆಚ್ಚು ವೈರಸ್ ಎಂದರ್ಥ. ಮೂಗಿನ ಮೂಲ ಮಾದರಿಗಳಲ್ಲಿ ಇಪ್ಪತ್ತೇಳು, ಇಪ್ಪತ್ತೆಂಟು ಸುತ್ತುಗಳ ಬಳಿಕ ಎದ್ದಿದ್ದ ಗೆರೆ, ಈ ಸತ್ತ ಫ್ಲಾಸ್ಕುಗಳಲ್ಲಿ ಹದಿನಾಲ್ಕು, ಹದಿನೈದಕ್ಕೇ ಎದ್ದಿತು. ಒಂಬತ್ತು ಫ್ಲಾಸ್ಕುಗಳು ಹಾಗೆ. ಎರಡು ಮಾತ್ರ ನಿಜಕ್ಕೂ ಖಾಲಿ. ನಾನು ಯಂತ್ರವನ್ನು ಅನುಮಾನಿಸಿ ಇನ್ನೊಮ್ಮೆ ಓಡಿಸಿದೆ. ಅದೇ ಉತ್ತರ.

ಒಂಬತ್ತು ಫ್ಲಾಸ್ಕು ತುಂಬ ಜೀವಂತ ವೈರಸ್, ಬೇಯಿಸಲು ಗಾಡಿಯೇರಿತ್ತು. ಈ ಸಲ ಸಿಟ್ಟು ಭಯವನ್ನು ಹಿಂದೆ ಹಾಕಿತು.

ಸೋಮವಾರ ಬೆಳಿಗ್ಗೆ ಮುಖ್ಯಸ್ಥರ ಮೇಜಿನ ಮೇಲೆ ಗೆರೆಗಳ ಹಾಳೆ ಇಟ್ಟೆ. ಪಿಸಿಆರ್ ಹೆಣವನ್ನೂ ಎಣಿಸುತ್ತದೆ, ಇದೆಲ್ಲ ಸತ್ತ ವೈರಸ್ ಇರಬಹುದು ಎಂದರು. ಹೆಣಗಳು ಮರಿ ಹಾಕುವುದಿಲ್ಲ ಸರ್, ಎಂದೆ. ನನ್ನ ಮರಾಠಿ ಮೊದಲೇ ವಿಜಾಪುರದ್ದು. ಸಿಟ್ಟಿನಲ್ಲಿ ಇನ್ನೂ ಖಾರವಾಗಿ ಕೇಳಿಸಿರಬೇಕು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ದೊಡ್ಡ ಕೇಂದ್ರದ ಫಾರ್ಮಿನಲ್ಲಿ ರಕ್ತಕಣಗಳ ಪರೀಕ್ಷೆಯ ಅಂಕಿಗೊಂದು ಖಾನೆ ಇದೆ, ಅದು ತುಂಬದೆ ಒಂದು ಫ್ಲಾಸ್ಕೂ ಹೋಗುವುದಿಲ್ಲ, ವರದಿಯನ್ನು ಬೇಕಾದರೆ ಗುರುವಾರದವರೆಗೆ ತಡೆಯುತ್ತೇನೆ ಎಂದರು. ಅವರು ಕೆಟ್ಟವರಲ್ಲ. ಖಾನೆ ತುಂಬಿದ್ದರೆ ಸತ್ಯ, ಇಲ್ಲದಿದ್ದರೆ ನಿರ್ಲಕ್ಷ್ಯ, ಇಷ್ಟೇ ಅವರ ಜಗತ್ತು. ನನಗೆ ಹೆಚ್ಚು ಉರಿದದ್ದು ಅದಕ್ಕೇ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು.

ಪ್ರಾಣಿಗಳ ವಿಭಾಗದ ಪಶುವೈದ್ಯರು ಉಡುಪಿ ಕಡೆಯವರು. ಅವರ ಅಣ್ಣಂದಿರು ಇಲ್ಲಿ ಹೋಟೆಲ್ ಇಟ್ಟು ಮೂರು ತಲೆಮಾರಾಯಿತು. ಅಂದು ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಕಥೆಯನ್ನು ಅರ್ಧ ಕೇಳಿ ಚಮಚ ಕೆಳಗಿಟ್ಟರು. ಕ್ಯಾಂಟೀನಿನ ಉಪ್ಪಿಟ್ಟು ಅವರಿಗೆ ಮೊದಲೇ ಸೇರುತ್ತಿರಲಿಲ್ಲ.

“ಎಂತ ಮೇಡಂ, ನೀವು ಎಚ್3ಯನ್ನು ಇನ್ನೂ ಕೋಳಿ ರಕ್ತದಲ್ಲಿ ನೋಡುದಾ? ಅದು ಕೋಳಿಯ ಗುರ್ತ ಬಿಟ್ಟು ಎಷ್ಟೋ ವರ್ಷ ಆಯ್ತು ಮಾರಾಯ್ರೆ.”

ಅವರು ಹೇಳಿದ್ದು ನಾನು ಓದದ ವಿಷಯವೇನಲ್ಲ. ಈ ವೈರಸ್‌ಗಳ ಮೂಲ ಮನೆ ಹಕ್ಕಿಗಳು. ಹಕ್ಕಿಯ ಕೋಶದ ಮೇಲಿನ ಹಿಡಿಕೆಯೇ ಬೇರೆ, ಮನುಷ್ಯನ ಕೋಶದ ಹಿಡಿಕೆಯೇ ಬೇರೆ. ಎಚ್3 ಮನುಷ್ಯರೊಳಗೆ ದಶಕಗಳಿಂದ ಓಡಾಡುತ್ತ, ನಮ್ಮ ರೋಗನಿರೋಧಕ ಶಕ್ತಿಯಿಂದ ತಪ್ಪಿಸಿಕೊಳ್ಳಲು ತನ್ನ ಮುಖವನ್ನು ಮತ್ತೆ ಮತ್ತೆ ಬದಲಿಸಿಕೊಂಡಿದೆ. ಹಾಗೆ ಬದಲಿಸುತ್ತ ಬದಲಿಸುತ್ತ ಕೋಳಿಯ ಕಣವನ್ನು ಹಿಡಿಯುವ ಕೈಯನ್ನು ಕಳೆದುಕೊಂಡಿದೆ. ಈಗಿನ ಎಚ್1 ಮನುಷ್ಯರಿಗೆ ಹೊಸಬ. ಅದಕ್ಕೆ ಆ ಕೈ ಇನ್ನೂ ಇದೆ.

“ನಮ್ಮ ಅಣ್ಣನ ಮೊಮ್ಮಕ್ಕಳಿಗೆ ತುಳು ಬರುದಿಲ್ಲ,” ಎಂದರು ಪಶುವೈದ್ಯರು. “ಊರಿಗೆ ಹೋಗಿ ಅಜ್ಜಿ ಕರೆದ್ರೆ ತಿರುಗಿ ನೋಡುದಿಲ್ಲ. ಅಂದ್ರೆ ಮಕ್ಕಳು ಸತ್ತಿವೆ ಅಂತ ಅರ್ಥವಾ?”

ಗಿನಿಪಿಗ್‌ನ ರಕ್ತಕಣದ ಹಿಡಿಕೆ ಮನುಷ್ಯನದಕ್ಕೆ ಹತ್ತಿರ. ಬೇರೊಂದು ತಂಡಕ್ಕಾಗಿ ಅವರು ಮಂಗಳವಾರ ಗಿನಿಪಿಗ್‌ಗಳಿಂದ ರಕ್ತ ತೆಗೆಯುವುದಿತ್ತು, ಅದಕ್ಕೆ ಅನುಮತಿಯೂ ಆಗಿತ್ತು. ಮಿಕ್ಕದ್ದನ್ನು ಎರಡೂ ವಿಭಾಗದ ಪತ್ರವಿದ್ದರೆ ಕೊಡುವೆ ಎಂದರು. ಪತ್ರಕ್ಕೆ ಮುಖ್ಯಸ್ಥರು ಮತ್ತೆ ಬಘೂ ಎಂದರು, ಆದರೆ ಈ ಸಲ ನಾನು ಅವರ ಎದುರಿನ ಕುರ್ಚಿಯಿಂದ ಏಳಲಿಲ್ಲ. ಸಹಿ ಹಾಕಿದರು.

ಮಂಗಳವಾರ ಮಧ್ಯಾಹ್ನ ರಕ್ತವನ್ನು ಮೂರು ಸಲ ತೊಳೆದು, ಹದ ಮಾಡಿ, ನಮ್ಮ ಎಂದಿನ ಚೂಪು ತಳದ ತಟ್ಟೆಯಲ್ಲಿ ಹಾಕಿ ಅರ್ಧ ಗಂಟೆಗೆ ನೋಡಿದೆ. ಎಲ್ಲ ಗುಳಿಗಳಲ್ಲೂ ಕೆಂಪು ಪರದೆ. ನಾನು ಹಿಗ್ಗಿದೆ. ಆಮೇಲೆ ಕೊನೆಯ ಸಾಲು ಕಂಡಿತು. ವೈರಸ್ಸನ್ನೇ ಹಾಕದೆ ಬರೀ ಉಪ್ಪುನೀರು ಹಾಕಿದ್ದ ಗುಳಿಗಳು, ಅಲ್ಲೂ ಪರದೆ. ಅಂದರೆ ನನ್ನ ಪರೀಕ್ಷೆಯ ಪ್ರಕಾರ ಉಪ್ಪುನೀರಿಗೂ ಫ್ಲೂ. ಇನ್ನಿದ್ದದ್ದು ಎರಡು ದಿನ, ಒಂದು ಸಣ್ಣ ಸೀಸೆ ರಕ್ತ. ಪಂಚಾಂಗದಲ್ಲಿ ಆ ಸಂಜೆ ಎರಡು ಪುಟ ತುಂಬಿದವು.

ಪಶುವೈದ್ಯರಿಗೆ ಫೋನ್ ಮಾಡಿದರೆ ನಕ್ಕರು. ಕೋಳಿಯ ಕಣದ ಹೊಟ್ಟೆಯಲ್ಲಿ ನ್ಯೂಕ್ಲಿಯಸ್ ಎಂಬ ಬೀಜವಿದೆ, ಭಾರ, ಬೇಗ ಮುಳುಗುತ್ತದೆ. ಗಿನಿಪಿಗ್‌ನದಕ್ಕೆ ಬೀಜವಿಲ್ಲ, ಹಗುರ. ಅದಕ್ಕೆ ದುಂಡು ತಳದ ತಟ್ಟೆ ಬೇಕು, ಒಂದು ತಾಸು ಬೇಕು, ಮುಳುಗಿದ ಮೇಲೂ ಗುಂಡಿಯಲ್ಲ, ಬಳೆಯಂತೆ ಕೂರುತ್ತದೆ. ನಾನು ಕೋಳಿಯ ಗಡಿಯಾರ ಹಿಡಿದು ಗಿನಿಪಿಗ್ ಮುಂದೆ ಕುಳಿತಿದ್ದೆ. ಇದೂ ನನಗೆ ಒಂದು ಕಾಲದಲ್ಲಿ ಗೊತ್ತಿದ್ದ ವಿಷಯವೇ.

ಬುಧವಾರ ದುಂಡು ತಳದ ತಟ್ಟೆ, ಪೂರ್ತಿ ಒಂದು ತಾಸು. ಉಪ್ಪುನೀರಿನ ಗುಳಿಗಳಲ್ಲಿ ಅಚ್ಚುಕಟ್ಟಾದ ಸಣ್ಣ ಬಳೆಗಳು. ಖಾಲಿಯಾಗಿದ್ದ ಎರಡು ಫ್ಲಾಸ್ಕುಗಳ ಸಾಲಿನಲ್ಲೂ ಬಳೆಗಳು. ಉಳಿದ ಒಂಬತ್ತರಲ್ಲಿ ಗುಳಿ ತುಂಬ ಕೆಂಪು ಪರದೆ, ಗುಳಿಯಿಂದ ಗುಳಿಗೆ ಉಪ್ಪುನೀರು ಬೆರೆಸಿ ತೆಳುವಾಗಿಸುತ್ತ ಹೋದರೂ ಹಲವು ಗುಳಿಗಳವರೆಗೆ ಬಿಡದೆ ಹಿಡಿದು ನಿಂತಿತ್ತು. ಪಾಲಖಿಯ ದಿನದ ಆರರಲ್ಲಿ ಐದು ಅದರಲ್ಲಿದ್ದವು. ಮೂರು ತಾಸು, ನಡೆದ ದಾರಿ, ಸೊಂಟದ ಮೇಲಿನ ಡಬ್ಬಿ, ಎಲ್ಲ ದಾಟಿ ಬದುಕಿ ಬಂದವು. ನಮ್ಮ ಕೋಣೆಗೆ ಬಂದ ಮೇಲೆ ನಾವು ಅವನ್ನು ಸತ್ತವು ಎಂದು ಬರೆದಿದ್ದೆವು.

ಗುರುವಾರ ವರದಿ ಹೋಯಿತು. ನಿರ್ಲಕ್ಷ್ಯ ಇರಲಿಲ್ಲ, ಶಿಫಾರಸೂ ಇರಲಿಲ್ಲ. ಆ ಸಾಲಿದ್ದ ಜಾಗದಲ್ಲಿ ಹೊಸ ಸಾಲು: ‘ತಾಂತ್ರಿಕ ಕಾರಣಗಳಿಂದ ಎಚ್3 ಮಾದರಿಗಳ ಮರುಪರೀಕ್ಷೆ ನಡೆಸಲಾಗಿದೆ.’ ಗುತ್ತಿಗೆ ಮುಂದುವರಿಯಿತು, ಒಂಬತ್ತು ಫ್ಲಾಸ್ಕುಗಳು ದೊಡ್ಡ ಕೇಂದ್ರಕ್ಕೆ ಹೋದವು. ನಾನು ಸಂತೋಷಪಡಬೇಕಿತ್ತು. ಆದರೆ ಆ ವಾಕ್ಯ ಓದಿದಷ್ಟೂ ಮೈ ಉರಿಯಿತು. ತಪ್ಪು ಡಬ್ಬಿಯದಾಗಿದ್ದಾಗ ಅದಕ್ಕೊಂದು ವಲಯ, ಒಂದು ದಿನ, ಒಬ್ಬ ಹೆಂಗಸು ಇದ್ದರು. ತಪ್ಪು ನಮ್ಮದಾದ ಕೂಡಲೇ ಅದು ತಾಂತ್ರಿಕವಾಯಿತು, ಮಾಡಿದವರೇ ಇಲ್ಲವಾಯಿತು. ಹಿಂದಿನ ವರ್ಷಗಳ ವರದಿಗಳಲ್ಲೂ ಎಚ್3 ಬೆಳೆಯಲಿಲ್ಲ ಎಂಬ ಸಾಲುಗಳಿದ್ದವು. ಆಗೆಲ್ಲ ಎಷ್ಟು ಫ್ಲಾಸ್ಕುಗಳನ್ನು ಜೀವಂತ ಬೇಯಿಸಿದೆವೋ.

ನಮ್ಮಲ್ಲಿ ಮೊದಲು ಗಿನಿಪಿಗ್ ರಕ್ತವೇ ಇತ್ತು ಎಂಬುದು ನನಗೆ ಮಸುಕಾಗಿ ನೆನಪಿತ್ತು. ಕೋಳಿಯನ್ನು ತಂದವರು ಯಾರು? ಹೆಸರು ಸಿಕ್ಕರೆ ಒಂದು ಟಿಪ್ಪಣಿ ಬರೆದು ಮುಖ್ಯಸ್ಥರ ಮೇಜಿನ ಮೇಲೇ ಇಡುವುದೆಂದು ತೀರ್ಮಾನಿಸಿದೆ. ಟಿಪ್ಪಣಿಯ ಮೊದಲ ವಾಕ್ಯವನ್ನೂ ಬಸ್ಸಿನಲ್ಲಿ ರಚಿಸಿಕೊಂಡೆ. ಅದರಲ್ಲಿ ‘ಹೊಣೆಗೇಡಿತನ’ ಎಂಬ ಶಬ್ದವಿತ್ತು.

ವಿಧಾನಗಳ ಫೈಲು ಕಪಾಟಿನ ಮೇಲಿನ ಅಟ್ಟಣಿಗೆಯಲ್ಲಿತ್ತು. ತಿದ್ದುಪಡಿಯ ಹಾಳೆ ಸಿಕ್ಕಿತು. ಲಾಕ್‌ಡೌನ್ ದಿನಗಳದ್ದು. ಪ್ರಾಣಿಗಳ ವಿಭಾಗ ಮುಚ್ಚಿರುವುದರಿಂದ, ಅದು ಮತ್ತೆ ತೆರೆಯುವವರೆಗೆ ತಾತ್ಕಾಲಿಕವಾಗಿ ಕೋಳಿಯ ರಕ್ತಕಣ ಬಳಸತಕ್ಕದ್ದು. ಅದು ಮತ್ತೆ ತೆರೆದು ವರ್ಷಗಳಾಗಿವೆ. ತಯಾರಿಸಿದವರು ಕೆಲಸ ಬಿಟ್ಟು ಹೋಗಿದ್ದಾರೆ. ಕೆಳಗೆ, ‘ಓದಿ ಪರಿಶೀಲಿಸಿದವರು’ ಎಂಬಲ್ಲಿ ಒಂದು ಸಹಿ.

ನನ್ನದು.

ಆ ದಿನ ನೆನಪಿದೆ. ಬಾಗಿಲಲ್ಲಿ ನಿಂತು, ಸ್ಯಾನಿಟೈಸರ್ ಆರದ ಕೈಯಲ್ಲಿ, ಒಂದರ ಮೇಲೊಂದು ಏಳೆಂಟು ಹಾಳೆಗಳಿಗೆ ಸಹಿ ಹಾಕಿದ್ದೆ. ಓದಲಿಲ್ಲ. ಮನೆಯಲ್ಲಿ ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಆರಿಸಿದ್ದೆ.

ಟಿಪ್ಪಣಿಯನ್ನು ಬರೆದೆ, ಮೊದಲ ವಾಕ್ಯವನ್ನು ಬದಲಿಸದೆ, ನನ್ನ ಹೆಸರು ಹಾಕಿ. ಮುಖ್ಯಸ್ಥರು ಓದಿ ಬಘೂ ಎಂದು ಡ್ರಾಯರಿನಲ್ಲಿಟ್ಟರು. ಮುಂದಿನ ವಾರ ಅವಳು ಡಬ್ಬಿ ತಂದಾಗ ಅವಳಿಗೂ ಹೇಳಿದೆ: ಫ್ರೀಜರ್ ಅಲ್ಲ, ಐಸ್ ಅಲ್ಲ, ಪಾಲಖಿ ಅಲ್ಲ, ನಾನು ಓದದೆ ಹಾಕಿದ ಒಂದು ಸಹಿ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಡಬ್ಬಿಯ ಮುಚ್ಚಳ ತೆಗೆದು ಥರ್ಮಾಮೀಟರನ್ನು ನನ್ನ ಕಡೆ ತಿರುಗಿಸಿದಳು. ನಾಲ್ಕು ಡಿಗ್ರಿ. ನಾನು ರಿಜಿಸ್ಟರಿನಲ್ಲಿ ಬರೆದು, ಸಹಿಗೆ ಪೆನ್ನು ಊರಿದೆ. ಅವಳು ಪುಟದ ಮೇಲೆ ಅಂಗೈ ಇಟ್ಟಳು.

“ಓದಿ ಮಾಡ್ರಿ, ಅಕ್ಕಾರ.”